ಫಿಕ್ಸೆಡ್ ದರವೋ, ಮಾರುಕಟ್ಟೆ ದರವೋ? ಹೊರನಾಡ ಕನ್ನಡಿಗರ ಗ್ಯಾಸ್, ಕರೆಂಟ್ ಬಿಲ್ಲಿಗೊಂದು ಹೋಲಿಕೆ

ಇಂಗ್ಲೆಂಡ್, ಜರ್ಮನಿ, ಟೆಕ್ಸಸ್ ಕಡೆ ಹೋಗಿ ಮನೆ ಮಾಡಿದ ನಮ್ಮವರು ಮೊದಲ ವರ್ಷದಲ್ಲೇ ಕೇಳುವ ಪ್ರಶ್ನೆ ಇದು: ಕರೆಂಟು, ಗ್ಯಾಸಿಗೆ ಫಿಕ್ಸೆಡ್ ಪ್ಲಾನ್ ತಗೊಳ್ಳೋದಾ, ಮಾರುಕಟ್ಟೆ ದರಕ್ಕೆ ಬಿಡೋದಾ? ಊರಲ್ಲಿ ಇಂಥ ಆಯ್ಕೆಯೇ ಇರಲಿಲ್ಲ. ಕೆಇಆರ್‌ಸಿ ದರ ನಿಗದಿ ಮಾಡುತ್ತದೆ, ಬೆಸ್ಕಾಂ ಬಿಲ್ ಕೊಡುತ್ತದೆ, ನಾವು ಕಟ್ಟುತ್ತೇವೆ. ಅಲ್ಲಿಗೆ ಹೋದರೆ ಹತ್ತಾರು ಕಂಪನಿ, ಒಂದೊಂದರಲ್ಲೂ ನಾಲ್ಕಾರು ಪ್ಲಾನ್, ಎಲ್ಲದರ ಕೆಳಗೂ ಸಣ್ಣ ಅಕ್ಷರದ ಷರತ್ತುಗಳು.

ಬಹಳಷ್ಟು ಜನ "ಮುಂದೆ ದರ ಏರುತ್ತಾ, ಇಳಿಯುತ್ತಾ" ಎಂದು ಊಹಿಸಲು ಹೋಗುತ್ತಾರೆ. ಆ ಆಟದಲ್ಲಿ ಮನೆಯವರು ಗೆಲ್ಲುವುದು ಅಪರೂಪ. ಮುಂದಿನ ವರ್ಷದ ಮಾರುಕಟ್ಟೆಯ ಅಂದಾಜು ಕಂಪನಿ ಹೇಳುವ ಫಿಕ್ಸೆಡ್ ದರದೊಳಗೆ ಆಗಲೇ ಸೇರಿಕೊಂಡಿರುತ್ತದೆ. ಕೇಳಿಕೊಳ್ಳಬೇಕಾದ್ದು ಬೇರೆ. ದರ ಎಗರಿದ ದಿನ ಆ ಹೊರೆ ಯಾರ ಮೇಲೆ ಬೀಳುತ್ತದೆ? ನಿಮ್ಮ ಬಳಕೆಯಲ್ಲಿ ಎಷ್ಟನ್ನು ಬೇರೆ ಹೊತ್ತಿಗೆ ಸರಿಸಬಹುದು? ನೀವಿರುವ ಜಾಗದ ಕರೆಂಟಿನ ದರ ಗ್ಯಾಸಿನ ದರಕ್ಕೆ ಎಷ್ಟು ಅಂಟಿಕೊಂಡಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಪ್ಲಾನ್ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಮೂರನೆಯದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದೆರಡೂ ಅದರ ಮೇಲೆ ನಿಂತಿವೆ.

ಗ್ಯಾಸಿಗೆ ಜಗತ್ತಿನಲ್ಲಿ ಒಂದೇ ದರ ಇಲ್ಲ

ಕಚ್ಚಾ ತೈಲವನ್ನು ಹಡಗಿಗೆ ತುಂಬಿ ಎಲ್ಲಿಗಾದರೂ ಸಾಗಿಸಬಹುದು, ಹಾಗಾಗಿ ಅದರ ದರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ನೈಸರ್ಗಿಕ ಅನಿಲ ಹಾಗಲ್ಲ. ಅದಕ್ಕೆ ಪೈಪ್‌ಲೈನ್ ಇರಬೇಕು. ಇಲ್ಲವಾದರೆ ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ, ಗಾತ್ರವನ್ನು ಸುಮಾರು 600ರಲ್ಲೊಂದು ಪಾಲಿಗೆ ಇಳಿಸಿ, ದ್ರವರೂಪದ ಅನಿಲ ಅಂದರೆ ಎಲ್‌ಎನ್‌ಜಿಯಾಗಿ ವಿಶೇಷ ಹಡಗುಗಳಲ್ಲಿ ಕಳಿಸಬೇಕು. ತಣಿಸುವ ಘಟಕಗಳು ಇರುವಷ್ಟೇ ಗ್ಯಾಸ್ ಸಮುದ್ರ ದಾಟುತ್ತದೆ. ಆದ್ದರಿಂದ ಮೂರು ಬೇರೆ ಬೇರೆ ದರಗಳನ್ನು ಗಮನಿಸಬೇಕಾಗುತ್ತದೆ: ಅಮೆರಿಕಕ್ಕೆ ಲೂಸಿಯಾನಾ ರಾಜ್ಯದ ಹೆನ್ರಿ ಹಬ್, ಯುರೋಪಿಗೆ ನೆದರ್‌ಲೆಂಡ್ಸ್‌ನ ಟಿಟಿಎಫ್, ಪೂರ್ವ ಏಷ್ಯಾಕ್ಕೆ ಜೆಕೆಎಂ. ಬ್ರಿಟನ್ನಿನ ಎನ್‌ಬಿಪಿ ದರ ಬಹುತೇಕ ಟಿಟಿಎಫ್‌ನ ಜೊತೆಜೊತೆಗೇ ನಡೆಯುತ್ತದೆ.

ಅಂತರ ಎಷ್ಟಿರಬಹುದು ಎನ್ನುವುದಕ್ಕೆ 2022ರ ಆಗಸ್ಟ್ ತಿಂಗಳನ್ನೇ ನೋಡಿ. ಟಿಟಿಎಫ್ ಮೆಗಾವಾಟ್ ಗಂಟೆಗೆ, ಅಂದರೆ ಸಾವಿರ ಯೂನಿಟ್ಟಿಗೆ, ಸುಮಾರು 340 ಯೂರೋ ಮುಟ್ಟಿತು. ಅಮೆರಿಕದ ಅಳತೆಯಾದ ಹತ್ತು ಲಕ್ಷ ಬಿಟಿಯುಗೆ ಬದಲಿಸಿದರೆ ಅದು ಹತ್ತಿರ ಹತ್ತಿರ 100 ಡಾಲರ್. ಅದೇ ಹೊತ್ತಿಗೆ ಹೆನ್ರಿ ಹಬ್‌ನಲ್ಲಿ ಸುಮಾರು 9 ಡಾಲರ್. ಅಮೆರಿಕದವರಿಗೆ ಆ 9 ಡಾಲರೇ ವರ್ಷಗಳಿಂದ ಕಾಣದ ತುಟ್ಟಿ, ಯುರೋಪಿನವರು ಕೊಡುತ್ತಿದ್ದದ್ದು ಅದರ ಹತ್ತು ಪಟ್ಟು.

ಅದೇ ವರ್ಷ ಜೂನ್ 8ರಂದು ಟೆಕ್ಸಸ್‌ನ ಫ್ರೀಪೋರ್ಟ್ ಎಲ್‌ಎನ್‌ಜಿ ಘಟಕದಲ್ಲಿ ಸ್ಫೋಟವಾಯಿತು. ಘಟಕ ತಿಂಗಳುಗಟ್ಟಲೆ ನಿಂತಿತು. ಹಡಗು ಹತ್ತಬೇಕಿದ್ದ ಗ್ಯಾಸ್ ಅಮೆರಿಕದೊಳಗೇ ಉಳಿದು ಅಲ್ಲಿ ದರ ಬಿತ್ತು, ಯುರೋಪಿನಲ್ಲಿ ದರ ಏರಿತು. ಒಂದೇ ಅವಘಡ, ಎರಡು ಖಂಡಗಳಲ್ಲಿ ಎರಡು ದಿಕ್ಕಿನ ಪರಿಣಾಮ. "ಜಾಗತಿಕವಾಗಿ ಗ್ಯಾಸ್ ದರ ಏರಿದೆ" ಎಂಬ ಸುದ್ದಿ ಓದಿ ಹ್ಯೂಸ್ಟನ್‌ನಲ್ಲಿರುವವರು ಗಾಬರಿಯಿಂದ ಪ್ಲಾನ್ ಬದಲಿಸಬೇಕಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಆಮೇಲೆ ಎತ್ತ ಸಾಗಿತು? ಯುರೋಪಿನಲ್ಲಿ 2020ರ ಬೇಸಿಗೆಯ ಆರಂಭದಲ್ಲಿ ಟಿಟಿಎಫ್ 5 ಯೂರೋಗಿಂತಲೂ ಕೆಳಗಿಳಿದಿತ್ತು, ಉಕ್ರೇನ್ ಯುದ್ಧದ ಬಿಕ್ಕಟ್ಟಿಗೆ ಮುಂಚಿನ ಸಾಮಾನ್ಯ ವರ್ಷಗಳಲ್ಲಿ 15ರಿಂದ 20 ಯೂರೋ ಆಸುಪಾಸು ಇರುತ್ತಿತ್ತು. 2024ರ ಸರಾಸರಿ 30 ಯೂರೋ ದಾಟಿತ್ತು. ಅಂದರೆ ಆ ಹೊತ್ತಿಗೆ ಬೆಂಕಿ ಆರಿತ್ತು, ಹಳೆಯ ದರ ಮರಳಿರಲಿಲ್ಲ. ರಷ್ಯಾದ ಪೈಪ್‌ಲೈನ್ ಗ್ಯಾಸಿನ ಜಾಗಕ್ಕೆ ಎಲ್‌ಎನ್‌ಜಿ ಬಂದಿದೆ. 2022ರ ಸೆಪ್ಟೆಂಬರ್ 26ರಂದು ನಾರ್ಡ್ ಸ್ಟ್ರೀಮ್ ಪೈಪುಗಳು ಸ್ಫೋಟಗೊಂಡವು, 2025ರ ಜನವರಿ 1ರಿಂದ ಉಕ್ರೇನ್ ಮೂಲಕ ಬರುತ್ತಿದ್ದದ್ದೂ ನಿಂತಿತು. ಎಲ್‌ಎನ್‌ಜಿ ಹಡಗು ಹೆಚ್ಚು ಕೊಡುವವರ ಬಂದರಿಗೆ ತಿರುಗುತ್ತದೆ. ಜಪಾನಿನಲ್ಲಿ ಚಳಿ ಜಾಸ್ತಿಯಾದರೂ, ಜಗತ್ತಿನ ಎಲ್‌ಎನ್‌ಜಿಯ ಸುಮಾರು ಐದನೇ ಒಂದು ಭಾಗ ಹಾದುಹೋಗುವ ಹೋರ್ಮುಜ್ ಜಲಸಂಧಿಯಲ್ಲಿ ಉದ್ವಿಗ್ನತೆ ಹುಟ್ಟಿದರೂ ಬರ್ಮಿಂಗ್‌ಹ್ಯಾಮ್‌ನ ಮನೆಯ ಬಾಯ್ಲರ್‌ಗೆ ಅದರ ಬಿಸಿ ತಟ್ಟುತ್ತದೆ.

ಅಮೆರಿಕದ ಕಥೆ ತಲೆಕೆಳಗು. 2024ರಲ್ಲಿ ಹೆನ್ರಿ ಹಬ್ ಸರಾಸರಿ 2.2 ಡಾಲರ್ ಆಸುಪಾಸು, ಹಣದುಬ್ಬರ ಲೆಕ್ಕ ಹಾಕಿದರೆ ದಶಕಗಳಲ್ಲೇ ಅತಿ ಅಗ್ಗ. ಆದರೆ 2023ರಿಂದ ಅಮೆರಿಕವೇ ಜಗತ್ತಿನ ಅತಿ ದೊಡ್ಡ ಎಲ್‌ಎನ್‌ಜಿ ರಫ್ತುದಾರ. ರಫ್ತು ಘಟಕಗಳು ಹೆಚ್ಚಿದಷ್ಟೂ ಒಳಗಿನ ಅಗ್ಗದ ಗ್ಯಾಸಿಗೆ ಹೊರಗಿನ ಗಿರಾಕಿ ಹೆಚ್ಚುತ್ತಾರೆ. 2025ರಲ್ಲಿ ದರ 3 ಡಾಲರ್ ಮೇಲೇರಿತು.

ಗ್ಯಾಸಿನಿಂದ ಕರೆಂಟಿಗೆ

ಯುರೋಪಿನ ಬಹುತೇಕ ಮಾರುಕಟ್ಟೆಗಳಲ್ಲಿ ಆ ಹೊತ್ತಿನ ಬೇಡಿಕೆ ತುಂಬಿಸಲು ಬೇಕಾಗುವ ಕೊನೆಯ, ಅತಿ ದುಬಾರಿ ಸ್ಥಾವರದ ದರವೇ ಎಲ್ಲ ಸ್ಥಾವರಗಳಿಗೂ ಸಿಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ದೂರದೂರಿನಿಂದ ಬಂದ ಕೊನೆಯ ಬುಟ್ಟಿ ಸೇವಂತಿಗೆಯ ದರವೇ ಪಕ್ಕದ ತೋಟದ ಹೂವಿಗೂ ಬೀಳುವ ಹಾಗೆ. ಗಾಳಿ, ಬಿಸಿಲು, ಅಣುಸ್ಥಾವರ ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊನೆಯ ಯೂನಿಟ್ ಗ್ಯಾಸ್ ಸ್ಥಾವರದ್ದಾದರೆ ದರ ಗ್ಯಾಸಿನದ್ದೇ.

ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ: ಗ್ಯಾಸ್ ಸ್ಥಾವರ ತಾನು ಉರಿಸಿದ ಶಕ್ತಿಯ ಅರ್ಧದಷ್ಟನ್ನು ಕರೆಂಟಾಗಿಸುತ್ತದೆ. ಟಿಟಿಎಫ್ 30 ಯೂರೋ ಇದ್ದರೆ ಇಂಧನದ ಖರ್ಚೇ 60 ಯೂರೋ. ಅದರ ಮೇಲೆ ಇಂಗಾಲದ ಪರವಾನಗಿ, ಅಂದರೆ ಹೊರಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಸ್ಥಾವರ ಕೊಳ್ಳಬೇಕಾದ ಪತ್ರ. ಟನ್ನಿಗೆ 70 ಯೂರೋ ಎಂದರೆ ಇನ್ನೊಂದು 25 ಯೂರೋ. ಒಟ್ಟು ಮೆಗಾವಾಟ್ ಗಂಟೆಗೆ 85, ಅಂದರೆ ಯೂನಿಟ್‌ಗೆ ಎಂಟೂವರೆ ಸೆಂಟ್. ಜರ್ಮನಿಯ ಮನೆಗಳು ಯೂನಿಟ್‌ಗೆ 40 ಸೆಂಟ್ ಹತ್ತಿರ ಕಟ್ಟುತ್ತವಲ್ಲ, ಉಳಿದದ್ದು ಎಲ್ಲಿಗೆ ಹೋಗುತ್ತದೆ? ತಂತಿ ಜಾಲದ ಶುಲ್ಕ, ತೆರಿಗೆ, ಕಂಪನಿಯ ಖರ್ಚು. ಮಾರುಕಟ್ಟೆ ದರ ಅರ್ಧಕ್ಕಿಳಿದರೂ ಬಿಲ್ಲು ಅರ್ಧಕ್ಕಿಳಿಯುವುದಿಲ್ಲ ಎಂಬುದನ್ನು ಪ್ಲಾನ್ ಹೋಲಿಸುವಾಗ ಮರೆಯಬೇಡಿ.

ಗ್ಯಾಸಿನ ಹಿಡಿತ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಬ್ರಿಟನ್ ಮತ್ತು ಇಟಲಿಯಲ್ಲಿ ಅದು ಬಿಗಿ. ಸೌರ, ಪವನ ಶಕ್ತಿ ಬೆಳೆದ ಸ್ಪೇನಿನಲ್ಲಿ ಗ್ಯಾಸೇ ಕರೆಂಟ್ ದರ ನಿರ್ಧರಿಸುವ ಗಂಟೆಗಳು ಕಡಿಮೆಯಾಗುತ್ತಿವೆ. ನಾರ್ವೆಯಲ್ಲಿ ಸುಮಾರು ಶೇ 90 ಜಲವಿದ್ಯುತ್. ಅಮೆರಿಕದ ಪೂರ್ವ ಭಾಗದಲ್ಲಿ ಹೊಸದೊಂದು ಒತ್ತಡ ಬಂದಿದೆ. ನ್ಯೂಜೆರ್ಸಿ ಸೇರಿದಂತೆ 13 ರಾಜ್ಯಗಳಿಗೆ ಹರಡಿರುವ ಪಿಜೆಎಂ ಗ್ರಿಡ್‌ನಲ್ಲಿ ಸ್ಥಾವರಗಳನ್ನು ಸಿದ್ಧವಾಗಿಟ್ಟುಕೊಳ್ಳಲು ಕೊಡುವ ಸಾಮರ್ಥ್ಯ ಶುಲ್ಕ ಮೆಗಾವಾಟಿಗೆ ದಿನಕ್ಕೆ ಸುಮಾರು 29 ಡಾಲರ್‌ನಿಂದ ಒಂದೇ ಹರಾಜಿನಲ್ಲಿ 270 ಡಾಲರ್‌ಗೆ, ಅದರ ಮುಂದಿನ ಹರಾಜಿನಲ್ಲಿ 329 ಡಾಲರ್‌ಗೆ ಹೋಯಿತು. ಡೇಟಾ ಸೆಂಟರ್‌ಗಳ ಬೇಡಿಕೆ ಇದಕ್ಕೆ ದೊಡ್ಡ ಕಾರಣ. 2025ರ ಜೂನ್‌ನಿಂದ ಎಡಿಸನ್, ಪ್ರಿನ್ಸ್‌ಟನ್ ಕಡೆಯ ಮನೆಗಳ ಕರೆಂಟ್ ಬಿಲ್ ಸುಮಾರು ಐದನೇ ಒಂದು ಭಾಗ ಏರಿದ್ದು ಗ್ಯಾಸ್ ತುಟ್ಟಿಯಾಗಿ ಅಲ್ಲ. ಹೀಗಾಗಿ ಅಲ್ಲಿ ಹೆನ್ರಿ ಹಬ್ ನೋಡಿ ಕರೆಂಟ್ ಪ್ಲಾನ್ ಆರಿಸುವುದರಲ್ಲಿ ಹುರುಳಿಲ್ಲ.

ಬ್ರಿಟನ್: ಗ್ಯಾಸ್ ಒಂದು ಲೆಕ್ಕ, ಕರೆಂಟ್ ಇನ್ನೊಂದು ಲೆಕ್ಕ

ಬ್ರಿಟನ್ನಿನಲ್ಲಿ ಏನೂ ಆರಿಸದೆ ಸುಮ್ಮನಿದ್ದವರಿಗೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್ ಅನ್ವಯಿಸುತ್ತದೆ. 2019ರ ಜನವರಿಯಲ್ಲಿ ಬಂದ ಈ ಮಿತಿ ಒಟ್ಟು ಬಿಲ್ಲಿಗಲ್ಲ. ಯೂನಿಟ್ ದರ ಮತ್ತು ಬಳಸಿದರೂ ಬಿಟ್ಟರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. ಸುದ್ದಿಯಲ್ಲಿ ಕೇಳುವ ಸಾವಿರಾರು ಪೌಂಡಿನ ಅಂಕಿ ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್ (2023ರ ಅಕ್ಟೋಬರ್‌ಗೆ ಮುಂಚೆ 2,900 ಮತ್ತು 12,000) ಬಳಸುವ ಮನೆಯದ್ದು. ಆ ಅಂಕಿ 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್, 2022ರ ಏಪ್ರಿಲ್‌ನಲ್ಲಿ 1,971, ಅದೇ ಅಕ್ಟೋಬರ್‌ನಲ್ಲಿ 3,549. ಸರ್ಕಾರ ಅಡ್ಡ ಬಂದು 2,500ಕ್ಕೆ ತಡೆಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ 1,755. ಈಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಅಂದರೆ ಕ್ಯಾಪ್‌ನಲ್ಲಿ ಇರುವುದೂ ಒಂದು ಬಗೆಯ ಏರಿಳಿತದ ಪ್ಲಾನೇ.

ಗ್ಯಾಸಿನ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಮನೆ ಬಿಸಿ ಮಾಡಲು ಗ್ಯಾಸ್ ಬಾಯ್ಲರ್ ಇದ್ದು, ಒಂದು ವರ್ಷದ ಫಿಕ್ಸೆಡ್ ದರ ಆಗಿನ ಕ್ಯಾಪ್‌ಗಿಂತ ಕಡಿಮೆಯೋ ಸಮವೋ ಇದ್ದರೆ ಫಿಕ್ಸ್ ಮಾಡಿಬಿಡಿ. ಬಾಯ್ಲರ್ ಬಳಕೆಯನ್ನು ನಡುರಾತ್ರಿಗೆ ಸರಿಸಲಾಗದು. ಮಕ್ಕಳಿಗೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಚಳಿಯಾಗುವ ಹೊತ್ತಿಗೇ ಅದು ಉರಿಯಬೇಕು. ದರ ಏರುವುದೂ ಅದೇ ಜನವರಿ, ಫೆಬ್ರವರಿಯಲ್ಲಿ. ಹೋಲಿಸುವಾಗ ಸ್ಟ್ಯಾಂಡಿಂಗ್ ಚಾರ್ಜ್ ಬೇರೆಯಾಗಿ ನೋಡಿ. ಯೂನಿಟ್ ದರ ಇಳಿಸಿ ಸ್ಟ್ಯಾಂಡಿಂಗ್ ಚಾರ್ಜ್ ಏರಿಸಿದ ಪ್ಲಾನ್ ಒಂದು ಬೆಡ್‌ರೂಮಿನ ಫ್ಲಾಟಿಗೆ ನಷ್ಟ, ನಾಲ್ಕು ಬೆಡ್‌ರೂಮಿನ ಮನೆಗೆ ಲಾಭ.

ಕರೆಂಟಿಗೆ ಬಂದರೆ ಮಾತು ಬೇರೆ. ಅರ್ಧ ಗಂಟೆಗೊಮ್ಮೆ ದರ ಬದಲಾಗುವ ಪ್ಲಾನುಗಳು ಅಲ್ಲಿವೆ, ಸಂಜೆ ನಾಲ್ಕರಿಂದ ಏಳರವರೆಗೆ ತುಟ್ಟಿ, ಗಾಳಿ ಜೋರಾದ ರಾತ್ರಿ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ. ಎಲೆಕ್ಟ್ರಿಕ್ ಕಾರಿಗೆಂದು ರಾತ್ರಿ ಕೆಲವು ಗಂಟೆ ಯೂನಿಟ್‌ಗೆ 10 ಪೆನ್ಸ್‌ಗಿಂತ ಕಡಿಮೆ ಹಾಕುವ ಪ್ಲಾನುಗಳೂ ಇವೆ. 2025ರ ಕೊನೆಯಲ್ಲಿ ಸಾಮಾನ್ಯ ದರ 26 ಪೆನ್ಸ್ ಸುಮಾರು ಇತ್ತು. ಇವು ಯಾರಿಗೆ? ಒಂದು ಸಲ ಕಾರು ಚಾರ್ಜ್ ಮಾಡಿದರೆ 30–40 ಯೂನಿಟ್ ಬೇಕು. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಅರ್ಧ ಗಂಟೆ ಓಡಿದರೆ ಯೂನಿಟ್ಟಿನ ಹತ್ತನೇ ಒಂದು ಭಾಗ. ಕಾರು, ಕರೆಂಟಿನಿಂದ ಮನೆ ಬಿಸಿ ಮಾಡುವ ಹೀಟ್ ಪಂಪ್, ಮನೆಯ ಬ್ಯಾಟರಿ ಇವುಗಳಲ್ಲಿ ಒಂದಾದರೂ ಇದ್ದರೆ ಮಾರುಕಟ್ಟೆ ದರದ ಪ್ಲಾನ್ ಲಾಭ ಕೊಡುತ್ತದೆ. ಇಲ್ಲದವರು ರುಬ್ಬುವುದನ್ನು ನಡುರಾತ್ರಿಗೆ ಸರಿಸಿ ನಿದ್ದೆಗೆಡುವುದು ಬೇಡ. ಗ್ಯಾಸನ್ನೂ ಕರೆಂಟನ್ನೂ ಒಂದೇ ಕಂಪನಿಯಿಂದ, ಒಂದೇ ಬಗೆಯ ಪ್ಲಾನಿನಲ್ಲಿ ಕೊಳ್ಳಬೇಕೆಂಬ ನಿಯಮವೂ ಇಲ್ಲ.

ಟೆಕ್ಸಸ್: ಇಲ್ಲಿ ಚರ್ಚೆಗೆ ಜಾಗ ಕಡಿಮೆ

2021ರ ಫೆಬ್ರವರಿಯ ಊರಿ ಎಂಬ ಹಿಮಬಿರುಗಾಳಿಯನ್ನು ನೆನೆಯದೆ ಟೆಕ್ಸಸ್‌ನ ಕರೆಂಟ್ ದರದ ಮಾತಾಡಲಾಗದು. ಗ್ಯಾಸ್ ಬಾವಿಗಳು, ಪೈಪುಗಳು, ಸ್ಥಾವರಗಳು ಹೆಪ್ಪುಗಟ್ಟಿದವು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು, ರಾಜ್ಯದ ಲೆಕ್ಕದಂತೆಯೇ 246 ಜನ ಸತ್ತರು. ರಾಜ್ಯದ ಬಹುಭಾಗಕ್ಕೆ ಕರೆಂಟ್ ಒದಗಿಸುವ ಎರ್ಕಾಟ್ ಗ್ರಿಡ್‌ನ ಸಗಟು ದರ ಆಗಿನ ಗರಿಷ್ಠ ಮಿತಿಯಾದ ಮೆಗಾವಾಟ್ ಗಂಟೆಗೆ 9,000 ಡಾಲರ್‌ನಲ್ಲಿ ದಿನಗಟ್ಟಲೆ ನಿಂತಿತು. ಯೂನಿಟ್‌ಗೆ 9 ಡಾಲರ್! ಮಾಮೂಲಿ ದಿನಗಳಲ್ಲಿ ಅದು ಕೆಲವೇ ಸೆಂಟ್. ಸಗಟು ದರವನ್ನೇ ನೇರವಾಗಿ ಮನೆಗೆ ದಾಟಿಸುತ್ತಿದ್ದ ಗ್ರಿಡ್ಡಿ ಎಂಬ ಕಂಪನಿಯ ಗ್ರಾಹಕರಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರ್ ಬಿಲ್ ಬಂತು. ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಟೆಕ್ಸಸ್ ಶಾಸಕಾಂಗ ಮನೆಗಳಿಗೆ ಅಂಥ ಪ್ಲಾನ್ ಮಾರುವುದನ್ನೇ ನಿಷೇಧಿಸಿತು, 2022ರಿಂದ ಸಗಟು ಮಿತಿಯನ್ನು 5,000 ಡಾಲರ್‌ಗೆ ಇಳಿಸಲಾಯಿತು.

ಈಗ ಮುಖ್ಯವಾಗಿ ಉಳಿದಿರುವುದು ಫಿಕ್ಸೆಡ್ ಮತ್ತು ತಿಂಗಳಿಂದ ತಿಂಗಳಿಗೆ ಬದಲಾಗುವ ವೇರಿಯಬಲ್ ಪ್ಲಾನ್. ಫಿಕ್ಸೆಡ್ ತಗೊಳ್ಳಿ. ಎಷ್ಟು ತಿಂಗಳಿಗೆ ಎಂಬುದೇ ನಿಜವಾದ ಆಯ್ಕೆ: ಒಪ್ಪಂದ ಆಗಸ್ಟ್‌ನಲ್ಲೋ ಜನವರಿಯಲ್ಲೋ ಮುಗಿಯದಂತೆ, ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಮುಗಿಯುವಂತೆ ತಿಂಗಳು ಎಣಿಸಿ ಆರಿಸಿ. ಎಸಿ, ಹೀಟರ್ ಎರಡೂ ತಣ್ಣಗಿರುವ ಆ ತಿಂಗಳುಗಳಲ್ಲಿ ಹೊಸ ದರ ಸಾಮಾನ್ಯವಾಗಿ ಅಗ್ಗ. ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೋ ನಗರಗಳಲ್ಲಿ ಇರುವವರಿಗೆ ನಗರದ್ದೇ ವಿದ್ಯುತ್ ಸಂಸ್ಥೆ, ಅಲ್ಲಿ ಈ ಆಯ್ಕೆ ಇಲ್ಲ.

ಪ್ರತಿ ಪ್ಲಾನಿಗೂ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಎಂಬ ಹಾಳೆ ಇರುತ್ತದೆ; 500, 1,000, 2,000 ಯೂನಿಟ್ ಬಳಸಿದರೆ ಸರಾಸರಿ ದರ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಮೂರೂ ಅಂಕಿ ಹತ್ತಿರ ಹತ್ತಿರ ಇದ್ದರೆ ಒಳ್ಳೆಯ ಪ್ಲಾನ್. 1,000ದಲ್ಲಿ ಮಾತ್ರ ತೀರಾ ಅಗ್ಗವಾಗಿ ಕಂಡರೆ ಎಚ್ಚರ! ಸಾವಿರ ಮುಟ್ಟಿದರೆ ನೂರು ಡಾಲರ್ ಆಸುಪಾಸು ಕಡಿತ, 990ಕ್ಕೆ ನಿಂತರೆ ಒಂದು ಪೈಸೆಯೂ ಇಲ್ಲ ಎಂಬ ಲೆಕ್ಕ ಅದರ ಹಿಂದಿರುತ್ತದೆ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ತಿಂಗಳೊಪ್ಪತ್ತು ಊರಿಗೆ ಬರುವ ಕುಟುಂಬಗಳಿಗೆ ಇದು ನೇರ ಪೆಟ್ಟು. ಮನೆ ಖಾಲಿ ಇದ್ದ ತಿಂಗಳಲ್ಲಿ ಬಳಕೆ ಸಾವಿರದ ಕೆಳಗಿಳಿದು, ಕಡಿಮೆ ಬಳಸಿದ್ದಕ್ಕೆ ಹೆಚ್ಚು ಕಟ್ಟುವ ಸ್ಥಿತಿ ಬರುತ್ತದೆ.

ಫಿಕ್ಸೆಡ್ ಪ್ಲಾನ್ ಎಲ್ಲದರಿಂದಲೂ ಕಾಪಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಆ ಬಿರುಗಾಳಿಯ ವಾರದಲ್ಲಿ ಗ್ಯಾಸ್ ವಿತರಣಾ ಕಂಪನಿಗಳು ಮಾಡಿದ ಭಾರೀ ಖರ್ಚನ್ನು ಬಾಂಡ್ ಸಾಲವಾಗಿಸಿ ವರ್ಷಗಟ್ಟಲೆ ಗ್ರಾಹಕರ ಬಿಲ್ಲಿಗೆ ಹಂಚಲಾಗಿದೆ.

ಜರ್ಮನಿ ಮತ್ತು ನಾರ್ವೆ

ಜರ್ಮನಿಯಲ್ಲಿ ಬಾಡಿಗೆ ಮನೆಗೆ ಹೋಗಿ ಸ್ವಿಚ್ ಒತ್ತಿದ ಕ್ಷಣದಿಂದ ನೀವು ಗ್ರುಂಡ್‌ಫೆರ್‌ಝೋರ್ಗುಂಗ್ ಎಂಬ ಮೂಲ ಪೂರೈಕೆಯ ಗ್ರಾಹಕರು. ಸಾಮಾನ್ಯವಾಗಿ ಅದು ದುಬಾರಿ, ಆದರೆ ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು. ಬಂದ ಮೊದಲ ತಿಂಗಳಲ್ಲೇ ಬಿಡಿ. ಹೋಲಿಕೆ ಜಾಲತಾಣಗಳಲ್ಲಿ ಹೊಸ ಗ್ರಾಹಕರ ಬೋನಸ್ಸನ್ನು ಲೆಕ್ಕದಿಂದ ತೆಗೆದು ನೋಡಿ. ಎರಡನೇ ವರ್ಷದ ದರ ಆಗ ಕಾಣುತ್ತದೆ. ದರ ಖಾತರಿಯಲ್ಲೂ ಎರಡು ಬಗೆ, ಹೆಚ್ಚಿನ ಖಾತರಿಗಳು ತೆರಿಗೆ ಮತ್ತು ಸರ್ಕಾರಿ ಶುಲ್ಕಗಳ ಏರಿಕೆಯನ್ನು ಹೊರಗಿಡುತ್ತವೆ. ಗ್ಯಾಸಿನಲ್ಲಿ ಇದು ಮುಖ್ಯ. ಇಂಧನದ ಮೇಲಿನ ಇಂಗಾಲದ ದರ 2021ರಲ್ಲಿ ಟನ್ನಿಗೆ 25 ಯೂರೋ ಇದ್ದದ್ದು 2025ಕ್ಕೆ 55 ಆಗಿದೆ.

2025ರ ಜನವರಿಯಿಂದ ಜರ್ಮನಿಯ ಎಲ್ಲ ಕರೆಂಟ್ ಕಂಪನಿಗಳೂ ಮಾರುಕಟ್ಟೆ ದರದ ಪ್ಲಾನನ್ನು ಕೊಡಲೇಬೇಕು, ಸ್ಮಾರ್ಟ್ ಮೀಟರ್ ಇದ್ದರೆ. 2024ರಲ್ಲಿ 457 ಗಂಟೆ ಸಗಟು ದರ ಸೊನ್ನೆಗಿಂತ ಕೆಳಗಿತ್ತು ಎಂದು ಜಾಹೀರಾತುಗಳು ಹೇಳುತ್ತವೆ, ಅದು ನಿಜ. ಅದೇ ವರ್ಷ ಡಿಸೆಂಬರ್ 12ರ ಸಂಜೆ, ಗಾಳಿಯೂ ಬಿಸಿಲೂ ಇಲ್ಲದ ಹೊತ್ತಿನಲ್ಲಿ, ಒಂದು ಗಂಟೆಯ ದರ ಮೆಗಾವಾಟ್ ಗಂಟೆಗೆ 936 ಯೂರೋ ಮುಟ್ಟಿತ್ತು, ಅದೂ ನಿಜ. ಕಾರು ಅಥವಾ ಹೀಟ್ ಪಂಪ್ ಇರುವವರು ಆ ಸಂಜೆಯನ್ನು ದಾಟಿಕೊಳ್ಳಬಲ್ಲರು. ಅಪಾರ್ಟ್‌ಮೆಂಟಿನಲ್ಲಿ ಇಬ್ಬರೇ ಇರುವ ದಂಪತಿಗೆ ಇದರಿಂದ ಉಳಿಯುವುದು ತೀರಾ ಕಡಿಮೆ.

ನಾರ್ವೆಯಲ್ಲಿ ಹೆಚ್ಚಿನ ಮನೆಗಳು ಸ್ಪಾಟ್ ದರದಲ್ಲೇ, ಅಂದರೆ ಗಂಟೆಗಂಟೆಗೆ ಬದಲಾಗುವ ಮಾರುಕಟ್ಟೆ ದರದಲ್ಲೇ ಇದ್ದವು. 2021ರಲ್ಲಿ ಜರ್ಮನಿಗೂ ಬ್ರಿಟನ್ನಿಗೂ ಸಮುದ್ರದಡಿ ಹೊಸ ಕೇಬಲ್ ಎಳೆದ ಮೇಲೆ ದಕ್ಷಿಣ ನಾರ್ವೆಯ ದರ ಯುರೋಪಿನ ಗ್ಯಾಸ್ ದರದ ಜೊತೆ ಕುಣಿಯತೊಡಗಿತು. 2025ರ ಅಕ್ಟೋಬರ್‌ನಿಂದ ಸರ್ಕಾರವೇ ನೋರ್ಗೆಸ್‌ಪ್ರಿಸ್ ಎಂಬ ಸ್ಥಿರ ದರ ಕೊಡುತ್ತಿದೆ: ಮೌಲ್ಯವರ್ಧಿತ ತೆರಿಗೆ ಬಿಟ್ಟು ಯೂನಿಟ್‌ಗೆ 40 ಓರೆ (ನೂರು ಓರೆಗೆ ಒಂದು ಕ್ರೋನ್). ಸ್ಟಾವಾಂಗರ್, ಕ್ರಿಸ್ಟಿಯಾನ್‌ಸಾಂಡ್ ಕಡೆಯವರು ತಗೊಳ್ಳಬಹುದು. ಟ್ರೋಮ್ಸೋದಂಥ ಉತ್ತರದ ಊರುಗಳಲ್ಲಿ ಸ್ಪಾಟ್ ದರವೇ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ, ಅಲ್ಲಿ ಬೇಡ.

ಒಪ್ಪಂದ ಮಾಡಿಕೊಂಡ ಕಂಪನಿ ಉಳಿಯುತ್ತದೆಯೇ?

ಅಗ್ಗದ ಫಿಕ್ಸೆಡ್ ದರದ ಬೆಲೆ ಅದನ್ನು ಕೊಟ್ಟವರ ಬಲದಷ್ಟೇ. 2021ರ ಶರತ್ಕಾಲದಿಂದ ಬ್ರಿಟನ್ನಿನಲ್ಲಿ ಸುಮಾರು 30 ಕಂಪನಿಗಳು ಮುಳುಗಿದವು. ಗ್ಯಾಸನ್ನು ಮುಂಗಡವಾಗಿ ಕೊಂಡಿಡದೆ ಗ್ರಾಹಕರಿಗೆ ಅಗ್ಗದ ಮಾತು ಕೊಟ್ಟಿದ್ದೇ ಹಲವರ ಪತನಕ್ಕೆ ಕಾರಣ. ಗ್ರಾಹಕರ ಜಮೆ ಹಣ ಉಳಿಯಿತು, ಕರೆಂಟೂ ನಿಲ್ಲಲಿಲ್ಲ, ಆದರೆ ಅಗ್ಗದ ಫಿಕ್ಸೆಡ್ ದರ ಹೋಯಿತು. ಅವರೆಲ್ಲ ಬೇರೆ ಕಂಪನಿಯ ಕ್ಯಾಪ್ ದರಕ್ಕೆ ಬಿದ್ದರು. ದೇಶಗಳ ಮಟ್ಟದಲ್ಲೂ ಇದೇ ಆಯಿತು. ಭಾರತದ ಸರ್ಕಾರಿ ಗ್ಯಾಸ್ ಸಂಸ್ಥೆ ಗೇಲ್ ರಷ್ಯಾದ ಗ್ಯಾಜ್‌ಪ್ರೋಮ್‌ನ ಸಿಂಗಪುರ ಅಂಗಸಂಸ್ಥೆಯ ಜೊತೆ 20 ವರ್ಷದ ಎಲ್‌ಎನ್‌ಜಿ ಒಪ್ಪಂದ ಮಾಡಿಕೊಂಡಿತ್ತು. 2022ರಲ್ಲಿ ಜರ್ಮನಿ ಸರ್ಕಾರ ಆ ಕಂಪನಿಯ ಮಾತೃಸಂಸ್ಥೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡ ಮೇಲೆ ಭಾರತಕ್ಕೆ ಬರಬೇಕಿದ್ದ ಹಡಗುಗಳು ತಪ್ಪಿದವು. 2025ರ ಆರಂಭದಲ್ಲಿ 28.5 ಕೋಟಿ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. ಹಾಗಾಗಿ ಎರಡು ಫಿಕ್ಸೆಡ್ ಪ್ಲಾನುಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ನಾನು ಹಳೆಯ, ದೊಡ್ಡ ಕಂಪನಿಯ ಕಡೆಗೇ ವಾಲುತ್ತೇನೆ.

ಕರ್ನಾಟಕದಲ್ಲಿರುವವರಿಗೆ ಈ ಅಲೆಗಳು ತಡವಾಗಿ, ತೆಳುವಾಗಿ ಮುಟ್ಟುತ್ತವೆ. ಯಲಹಂಕದ 370 ಮೆಗಾವಾಟ್ ಗ್ಯಾಸ್ ಸ್ಥಾವರ ಬಿಟ್ಟರೆ ನಮ್ಮ ಕರೆಂಟು ಹೆಚ್ಚಾಗಿ ಕಲ್ಲಿದ್ದಲು, ನೀರು, ಬಿಸಿಲು, ಗಾಳಿಯದ್ದು. ಬೆಂಗಳೂರಿನ ಪೈಪ್ ಗ್ಯಾಸಿಗೆ ಆಧಾರವಾದ ದೇಶೀ ಗ್ಯಾಸಿನ ದರಕ್ಕೆ 2023ರ ಏಪ್ರಿಲ್‌ನಿಂದ ಕೆಳಮಿತಿ, ಮೇಲ್ಮಿತಿ ಎರಡೂ ಇವೆ.

ಹೊರಗಿರುವವರು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಬೇಕಾದ ದಿನಗಳು ಇವು. ಬ್ರಿಟನ್ನಿನಲ್ಲಿ ಫಿಕ್ಸೆಡ್ ಒಪ್ಪಂದ ಮುಗಿಯಲು 49 ದಿನ ಬಾಕಿ ಇದ್ದಾಗಿನಿಂದ ಎಕ್ಸಿಟ್ ಫೀ (ಅವಧಿಗೆ ಮುಂಚೆ ಬಿಟ್ಟರೆ ಕಟ್ಟುವ ಶುಲ್ಕ) ಇಲ್ಲದೆ ಬದಲಿಸಬಹುದು. ಟೆಕ್ಸಸ್‌ನಲ್ಲಿ ಆ ಅವಧಿ ಕೊನೆಯ 14 ದಿನ. ಅಲ್ಲಿ ಮನೆ ಬದಲಿಸಿದರೆ ಹೊಸ ವಿಳಾಸ ತೋರಿಸಿ ಶುಲ್ಕವಿಲ್ಲದೆ ಯಾವಾಗ ಬೇಕಾದರೂ ಬಿಡಬಹುದು. ಜರ್ಮನಿಯಲ್ಲಿ 2022ರ ಮಾರ್ಚ್ ನಂತರದ ಒಪ್ಪಂದಗಳನ್ನು ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು. ನಡುವೆ ಕಂಪನಿ ದರ ಏರಿಸುವ ಪತ್ರ ಕಳಿಸಿದರೆ, ಹೊಸ ದರ ಜಾರಿಗೆ ಬರುವ ದಿನಕ್ಕೆ ಒಪ್ಪಂದ ಮುರಿಯುವ ವಿಶೇಷ ಹಕ್ಕು ನಿಮ್ಮದು. ಜರ್ಮನ್ ಭಾಷೆಯಲ್ಲಿ ಬರುವ ಆ ಪತ್ರವನ್ನು ಜಾಹೀರಾತು ಅಂದುಕೊಂಡು ಎಸೆಯಬೇಡಿ.